ಕಲ್ಲು ಬರುವ ತನಕ

ಕೊಯ್ಲು ಮುಗಿದು ಹೊಲಗಳಲ್ಲಿ ಬರೀ ಕೂಳೆ ಉಳಿದಿತ್ತು. ಬೆಳಗ್ಗೆ ಇಬ್ಬನಿ, ಹೊತ್ತೇರಿದ ಮೇಲೆ ಮೈಗೆ ಹಿತವಾಗುವಷ್ಟು ಬಿಸಿಲು. ಸುಣ್ಣದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬಿಸಿಲು ಹೆಚ್ಚಾದರೆ ಗಾರೆ ಅವಸರಕ್ಕೆ ಒಣಗಿ ಬಿರಿಯುತ್ತದೆ, ಮಳೆಯಾದರೆ ಗೋಡೆ ಹಿಡಿಯದೆ ಜಾರುತ್ತದೆ. ಚರ್ಚಿನ ಅಂಗಳದ ಮೂಲೆಯ ಗುಂಡಿಯಲ್ಲಿ, ಹೋದ ಮಳೆಗಾಲಕ್ಕೂ ಮುಂಚೆ ಅರಳಿಸಿಟ್ಟ ಸುಣ್ಣ ನೀರಿನಡಿ ತಣ್ಣಗೆ ಮಲಗಿತ್ತು. ಸುಣ್ಣದಕ್ಕನ ಸೊಸೆ ಅದನ್ನು ಸಲಿಕೆಯಲ್ಲಿ ಎತ್ತಿ ಮರಳಿನ ರಾಶಿಗೆ ಹಾಕುತ್ತಾ, ನನ್ನ ಮದುವೆ ಮಾತುಕತೆಗೂ ಅತ್ತೆ ಇಷ್ಟು ದಿನ ಕಾದಿರಲಿಲ್ಲ, ಈ ಸುಣ್ಣಕ್ಕೆ ಕಾದರು ಎಂದು ಗೊಣಗಿದಳು.

"ಸುಣ್ಣ ಹಳೇದಾದಷ್ಟೂ ಮೆತ್ತಗಾಗುತ್ತೆ ಕಣೆ," ಅಂದಳು ಸುಣ್ಣದಕ್ಕ, ಬಾಗಿಲಲ್ಲಿ ನಿಂತು ಸೆರಗು ಬಿಗಿಯುತ್ತಾ. "ಸೊಸೇರು ಹಾಗಲ್ಲವಲ್ಲ."

ಸುಣ್ಣದಕ್ಕ ಎಂದೇ ಊರೆಲ್ಲ ಕರೆಯುವುದು. ಗಂಡ ಬದುಕಿದ್ದಾಗ ಅವನ ಜೊತೆ ಗಾರೆ ಕಲೆಸಿದವಳು, ಅವನು ಹೋದ ಮೇಲೆ ಕರಣೆ ತಾನೇ ಹಿಡಿದಳು. ಹುಟ್ಟಿದ್ದು ಕೆಳಗಿನ ಬೀದಿ, ಸೇರಿದ್ದು ಮೇಲಿನ ಬೀದಿ. ಆ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಯಾಕೆ ಅಲ್ಲ ಎಂಬುದು ತಿಳಿಯಬೇಕಾದರೆ ಚರ್ಚಿನ ಒಳಗೆ ಬರಬೇಕು.

ಚರ್ಚು ದೊಡ್ಡದೇನಲ್ಲ. ದಿಬ್ಬದ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಕೂತಿದೆ. ಗೋಪುರವಿಲ್ಲ, ಬಾಗಿಲ ನೆತ್ತಿಯ ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟು ಅದರಲ್ಲೇ ಗಂಟೆ ತೂಗಿಸಿದ್ದಾರೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ಒಬ್ಬರು ಕಾಲು ಮಡಚಿ ಕೂತು ಮಳೆ ನೋಡಬಹುದು. ಬಾಗಿಲ ಪಕ್ಕದ ತೀರ್ಥದ ಕಲ್ಲುಬಟ್ಟಲು ಬೆರಳು ತಾಗಿ ತಾಗಿ ಒಂದು ಕಡೆ ಸವೆದು ತುಟಿಯ ಹಾಗಾಗಿದೆ. ಮೇಲೆ ನೋಡಿದರೆ ಮಾಡಿನ ತೊಲೆಗಳು ದೋಣಿಯೊಂದನ್ನು ಬೋರಲು ಹಾಕಿದಂತೆ ಕಾಣುತ್ತವೆ. ಜನ ಕೂರುವ ಉದ್ದನೆಯ ಹಜಾರ, ಅದರ ಪೂರ್ವಕ್ಕೆ ಬಲಿಪೀಠ ಇರುವ ಚಿಕ್ಕ ಕೋಣೆ. ಇವೆರಡರ ನಡುವೆ ಒಂದು ಕಮಾನು.

ಮತ್ತೆ ಆ ಸೊಟ್ಟ. ಹಜಾರ ಒಂದು ದಿಕ್ಕಿಗೆ ನೋಡಿದರೆ ಪೀಠದ ಕೋಣೆ ಇನ್ನೊಂದು ದಿಕ್ಕಿಗೆ ನೋಡುತ್ತದೆ, ಮೊಣಕೈ ಚೂರು ಮಡಚಿದ ಹಾಗೆ. ಬಾಗಿಲಲ್ಲಿ ನಿಂತವರಿಗೆ ಪೀಠ ಅರ್ಧ ಮಾತ್ರ ಕಾಣುವುದು. ಬೆಂಚುಗಳ ನಡುವೆ ನಡೆದು ಹೋಗುತ್ತಾ ಹೋಗುತ್ತಾ ಉಳಿದರ್ಧ ಮೆಲ್ಲಗೆ ಹೊರಗೆ ಬರುತ್ತದೆ, ನಾಚಿಕೆಯ ಮನುಷ್ಯ ಬಾಗಿಲ ಮರೆಯಿಂದ ಬಂದ ಹಾಗೆ. ಸುಣ್ಣದಕ್ಕ ಅವ್ವನ ಕೈ ಹಿಡಿದು ಮೊದಲ ಸಲ ಅದನ್ನು ಕಂಡಾಗ ದೇವರೇ ತನಗೋಸ್ಕರ ಒಂದು ಹೆಜ್ಜೆ ಈಚೆ ಇಟ್ಟ ಅಂದುಕೊಂಡಿದ್ದಳು. ಇಷ್ಟು ವಯಸ್ಸಾದರೂ ಆ ಬೆಂಚಿನ ಸಾಲು ದಾಟುವಾಗ ಅವಳ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು.

ಸೊಟ್ಟ ಯಾರದು ಎಂಬ ಜಗಳಕ್ಕೆ ಚರ್ಚಿನಷ್ಟೇ ವಯಸ್ಸು. ಹಜಾರ ಕಟ್ಟಿದವರು ಮೇಲಿನ ಬೀದಿಯವರು, ಬಾಗಿಲಿಂದ ಶುರು ಮಾಡಿ ಪೂರ್ವಕ್ಕೆ ಬಂದರು. ಪೀಠದ ಕೋಣೆ ಕಟ್ಟಿದವರು ಕೆಳಗಿನ ಬೀದಿಯವರು, ಅಲ್ಲಿಂದ ಶುರು ಮಾಡಿ ಪಶ್ಚಿಮಕ್ಕೆ ಬಂದರು. ನಡುವೆ ಎದುರಾದಾಗ ಒಂದರ ಗೋಡೆ ಇನ್ನೊಂದಕ್ಕೆ ನೇರ ಕೂಡಲಿಲ್ಲ. ನೀವು ಪಾಯಕ್ಕೆ ಹಿಡಿದ ಹಗ್ಗ ಸೊಟ್ಟ ಎಂದು ಇವರು, ನಿಮ್ಮ ಕಣ್ಣು ಸೊಟ್ಟ ಎಂದು ಅವರು. ಅವತ್ತು ಶುರುವಾದದ್ದು ಇವತ್ತಿಗೂ ಹೆಣ್ಣು ಕೊಟ್ಟು ತರುವಾಗ ಒಂದು ಸಲ ಎದ್ದೇ ಏಳುತ್ತದೆ. ಸುಣ್ಣದಕ್ಕನ ಮದುವೆಯ ದಿನ ಅವಳ ಮಾವ ಕಮಾನಿನ ಕೆಳಗೆ ನಿಂತು, ಸೊಸೆ ನೇರವಾಗಿ ನಡೆದು ಬಂದಳಲ್ಲ, ಅಷ್ಟೇ ಸಾಕು ಎಂದು ಬೀಗರ ಮುಖಕ್ಕೇ ಹೇಳಿದ್ದ.

ಈಗ ಆ ಕಮಾನು ಬಿರುಕು ಬಿಟ್ಟಿತ್ತು. ನೆತ್ತಿಯಿಂದ ಶುರುವಾದ ಬಿರುಕು ಕಮಾನಿನ ಮೇಲಿನ ಗೋಡೆಗೆ ಏರಿ ಬೆರಳು ಹೋಗುವಷ್ಟು ಅಗಲವಾಗಿತ್ತು. ಹಿಂದಿನ ಗುರುಗಳ ಕಾಲದಲ್ಲಿ ಗಟ್ಟಿಯಾಗಲಿ ಎಂದು ಒಳಗೋಡೆಗೆಲ್ಲ ಸಿಮೆಂಟು ಬಳಿದಿದ್ದರು. ಮಾಡಿನಿಂದ ಸೋರಿದ ನೀರು ಅದರ ಹಿಂದೆ ಸಿಕ್ಕಿಕೊಂಡು ಹೊರಬರಲು ದಾರಿಯಿಲ್ಲದೆ ಗೋಡೆಯ ಹೊಟ್ಟೆ ಸೇರಿತ್ತು. ನೋಡಲು ಬಂದ ಇಂಜಿನಿಯರ್ ನಿಧಾನದ ಮನುಷ್ಯ. ಕಮಾನು ಎರಡೂ ಗೋಡೆಗಳ ಒಳಕ್ಕೆ ಹೆಣೆದುಕೊಂಡಿದ್ದರೆ ಉಳಿಸಬಹುದು, ಸುಮ್ಮನೆ ಆತು ನಿಂತಿದ್ದರೆ ಇಳಿಸಿ ಅಲ್ಲಿ ಕಾಂಕ್ರೀಟಿನ ತೊಲೆ ಹಾಕಲೇಬೇಕು, ಕೆಳಗೆ ಮಕ್ಕಳು ಕೂರ್ತಾರೆ ಎಂದು ಹೇಳಿದ್ದರು. ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ತೊಲೆ ಹಾಕುವುದಾದರೆ ಹಜಾರದ ಕೊನೆಯನ್ನೂ ಬಿಚ್ಚಿ ನೇರ ಮಾಡಿಬಿಡೋಣ ಎಂದು ಊರ ಸಭೆಯಲ್ಲಿ ಕೆಲವರು ಹುರುಪಿನಿಂದ ಎದ್ದರು.

ಹೆಂಗಸರ ಸಾಲಿನಿಂದ ಸುಣ್ಣದಕ್ಕನೂ ಎದ್ದಳು. ಸಿಮೆಂಟು ತೆಗೆದು ಒಳಗೆ ಏನಿದೆ ಅಂತ ಮೊದಲು ನೋಡೋಣ, ಆ ಕೆಲಸ ನಾನು ಮಾಡ್ತೀನಿ, ಕಮಾನು ಬರೀ ಆತು ನಿಂತಿದ್ದರೆ ಒಡೆಯುವ ಮೊದಲ ಪೆಟ್ಟು ನಾನೇ ಹಾಕ್ತೀನಿ ಎಂದುಬಿಟ್ಟಳು. ಹೇಳಿ ಕೂತಳು. ಆಡಿದ ಮಾತು ಆಡಿಯಾಗಿತ್ತು.

ಕಮಾನಿನ ಕೆಳಗೆ ಆಸರೆ ಕಟ್ಟಲು ಬಂದವನು ಬಡಗಿ ಭಾವ, ಅವಳ ಅಕ್ಕನ ಗಂಡ. ಅವನ ಮನೆ ಎರಡು ಬೀದಿಗಳ ನಡುವಿನ ಹಳ್ಳದ ಪಕ್ಕ. ಯಾವ ಬೀದಿಗೂ ಸೇರದ ಮನೆತನ. ಆ ಮನೆತನಕ್ಕೆ ಒಂದು ಹಳೇ ತಮಾಷೆ ಅಂಟಿಕೊಂಡಿತ್ತು. ವರ್ಷಕ್ಕೊಮ್ಮೆ ಚರ್ಚಿನ ಬೆಂಚು ಬಾಗಿಲು ರಿಪೇರಿ ಮಾಡಿ ಹೊರಡುವಾಗ ಆ ಮನೆಯ ಹಿರಿಯನು ಗುರುಗಳ ಎದುರು ನಿಂತು, "ನಮ್ಮ ಮರ ಯಾವಾಗ ವಾಪಸ್ ಕೊಡ್ತೀರಿ?" ಎಂದು ಕೇಳಬೇಕು. ಗುರುಗಳು "ಕಲ್ಲು ಬಂದಾಗ" ಎನ್ನಬೇಕು. ಎಲ್ಲರೂ ನಗುತ್ತಾರೆ. ಯಾವ ಮರ, ಯಾವ ಕಲ್ಲು ಎಂದು ಯಾರಿಗೂ ಗೊತ್ತಿಲ್ಲ. ಒಬ್ಬ ಗುರುಗಳು ಹೋಗುವಾಗ ಬೀಗದ ಕೈಗೊಂಚಲಿನ ಜೊತೆ ಈ ಉತ್ತರವನ್ನೂ ಮುಂದಿನವರಿಗೆ ಒಪ್ಪಿಸಿ ಹೋಗುವುದು ವಾಡಿಕೆ. ಈಗಿನ ಗುರುಗಳು ಹೊಸಬರು, ಚಿಕ್ಕ ವಯಸ್ಸಿನವರು, ಬಂದ ವಾರವೇ ಅದನ್ನು ಕಲಿತಿದ್ದರು. ಚರ್ಚಿನವರು ದಾನ ಕೇಳಲು ಹೋದಾಗೆಲ್ಲ ಭಾವ, ಮೊದಲು ನಮ್ಮ ಮರ ಕೊಡಿ, ಆಮೇಲೆ ಲೆಕ್ಕ ನೋಡೋಣ ಎಂದು ಅದರಿಂದಲೇ ತಪ್ಪಿಸಿಕೊಳ್ಳುತ್ತಾನೆ ಎಂದು ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು.

ಭಾವ ಕಮಾನಿನ ಬಾಗಿಗೆ ಸರಿಯಾಗಿ ಹಲಗೆಗಳನ್ನು ಕೊಯ್ದು, ಕೆಳಗೆ ಕಂಬ ನಿಲ್ಲಿಸಿ, ಕಂಬದ ಬುಡಕ್ಕೆ ಜೋಡಿ ಬೆಣೆ ಹೊಡೆದು ಬಿಗಿ ಮಾಡಿದ. ಪೀಠದ ಹಿಂದಿನ ಎತ್ತರದ ಕೆತ್ತನೆ ಹಲಗೆಗೆ ಧೂಳು ತಾಗದಿರಲಿ ಎಂದು ಅದನ್ನು ಬಿಚ್ಚಿ ಗುರುಗಳ ಮನೆಯ ಜಗುಲಿಗೆ ಸಾಗಿಸಿದ. ಹಲಗೆ ಹೋದ ಮೇಲೆ ಅದರ ಹಿಂದೆ ಪೂರ್ವದ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ ಕಂಡಿತು. ಬದುಕಿರುವವರು ಯಾರೂ ಅದನ್ನು ಒಳಗಿನಿಂದ ನೋಡಿರಲಿಲ್ಲ. ಸೊಸೆ ಒದ್ದೆ ಬಟ್ಟೆಯಿಂದ ಗಾಜು ಒರೆಸಿದಳು.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಸುಣ್ಣದಕ್ಕ ಸಾರವೆ ಹತ್ತಿ ಸಿಮೆಂಟು ಕೀಳತೊಡಗಿದಳು. ಉಳಿಯ ಪೆಟ್ಟಿಗೆ ಹಪ್ಪಳದಂಥ ಚಕ್ಕೆ ಎದ್ದು ಬೀಳುತ್ತಿತ್ತು, ಧೂಳು ಹಜಾರವನ್ನೆಲ್ಲ ತುಂಬಿ ನಿಂತಿತ್ತು. ಆಗ ಎದುರಿನ ಗುಡ್ಡದ ಮೇಲೆ ಸೂರ್ಯ ಹುಟ್ಟಿದ. ಆ ಸಣ್ಣ ಕಿಟಕಿಯಿಂದ ಬೆಳಕಿನ ಒಂದು ಕೋಲು ಒಳಗೆ ಬಂತು. ಧೂಳು ಇಲ್ಲದಿದ್ದರೆ ಅದು ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ಪೀಠದ ಕೋಣೆಯನ್ನು ಓರೆಯಾಗಿ ದಾಟಿ, ಕಮಾನಿನ ಕೆಳಗೆ ನುಸುಳಿ, ಹಜಾರದೊಳಗೆ ಬಂದ ಮೇಲೆ ಅದು ಬೆಂಚುಗಳ ನಡುವಿನ ದಾರಿಯ ಮೇಲೆ, ಎರಡೂ ಗೋಡೆಗಳಿಗೆ ಸಮವಾಗಿ, ದಾರ ಹಿಡಿದು ಎಳೆದ ಹಾಗೆ ಬಾಗಿಲ ಹೊಸ್ತಿಲಿನವರೆಗೂ ಮಲಗಿತು.

ಸುಣ್ಣದಕ್ಕನ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ನಿಂತಿತು. ಜೀವಮಾನವೆಲ್ಲ ಗೋಡೆಗೆ ದಾರ ಹಿಡಿದವಳಿಗೆ ನೋಡಿದ ಕೂಡಲೇ ತಿಳಿಯಿತು. ಇದು ಹಗ್ಗ. ಮೇಲಿನ ಬೀದಿಯವರು ಹೊಸ್ತಿಲಲ್ಲಿ ನಿಂತು ಹುಟ್ಟುವ ಸೂರ್ಯನ ಕಡೆಗೆ ಎಳೆದ ಹಗ್ಗ. ಅವರು ಕೊಯ್ಲು ಮುಗಿಸಿ ಬಂದು ಕೆಲಸ ಹಿಡಿದವರು ಎಂದು ಅವಳ ಮಾವ ಹೆಮ್ಮೆಯಿಂದ ಹೇಳುತ್ತಿದ್ದ, ಅಂದರೆ ಇದೇ ದಿನಗಳು. ಕೆಳಗಿನ ಬೀದಿಯವರು ಬಿತ್ತನೆ ಮುಗಿದ ಮೇಲೆ ಪಾಯ ತೋಡಿದವರು, ಇದನ್ನು ಹೇಳುತ್ತಿದ್ದವನು ಅವಳ ಅಪ್ಪ. ಬಿತ್ತನೆಯ ಹೊತ್ತಿಗೆ ಸೂರ್ಯ ಆ ಗುಡ್ಡದ ಇನ್ನೊಂದು ಹೆಗಲಿಗೆ ಸರಿದಿರುತ್ತಾನೆ. ಅವರೂ ಅವನ ಕಡೆಗೇ ಹಗ್ಗ ಎಳೆದಿದ್ದರು. ಒಂದು ಮಾತು ಮೇಲಿನ ಬೀದಿಗೆಲ್ಲ ಗೊತ್ತಿತ್ತು, ಇನ್ನೊಂದು ಕೆಳಗಿನ ಬೀದಿಗೆಲ್ಲ. ಎರಡೂ ಕೇಳಿದ್ದವಳು ಮನೆ ಬದಲಿಸಿದ ಹೆಣ್ಣು ಮಾತ್ರ.

ಕೆಳಗೆ ಸೊಸೆ ಬುಟ್ಟಿ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಬೆಳಕು ಮೆಲ್ಲಗೆ ಕುಗ್ಗಿ, ಬೆಂಚಿನ ಮೇಲೆ ಹತ್ತಿ, ಕರಗಿತು.

ಆಮೇಲಿನ ದಿನಗಳಲ್ಲಿ ಕಮಾನಿನ ಎರಡೂ ಕಾಲುಗಳ ಮೇಲಿನ ಸಿಮೆಂಟು ಹೋಯಿತು. ಕಮಾನಿನ ಕಲ್ಲು ಒಂದು ಕಪ್ಪು, ಒಂದು ಕೆಂಪು, ಮತ್ತೊಂದು ಕಪ್ಪು. ಕಪ್ಪು ಮೇಲಿನ ಬೀದಿಯ ಬಂಡೆಯದು, ಕೆಂಪು ಕೆಳಗಿನ ಹಳ್ಳದ ದಂಡೆಯದು. ಪ್ರತಿ ಕಲ್ಲನ್ನೂ ಕೂದಲೆಳೆಯಷ್ಟು ತಿರುಚಿ ಕೊರೆದಿದ್ದರು. ಸೊಟ್ಟವನ್ನು ಎಲ್ಲ ಕಲ್ಲುಗಳೂ ಸ್ವಲ್ಪ ಸ್ವಲ್ಪ ಹಂಚಿಕೊಂಡು ಹಜಾರದಿಂದ ಕೋಣೆಯ ಕಡೆಗೆ ತಿರುಗಿದ್ದವು. ಒಂದರ ಮುಖವೂ ಇನ್ನೊಂದರ ಹಾಗಿರಲಿಲ್ಲ, ಸಂದಿನಲ್ಲಿ ಚಾಕುವಿನ ಮೊನೆಯೂ ಹೋಗುತ್ತಿರಲಿಲ್ಲ. ಕಾಲುಗಳು ಗೋಡೆ ಸೇರುವಲ್ಲಿ ಕೆಂಪು ಕಲ್ಲು ಹಜಾರದ ಗೋಡೆಯೊಳಕ್ಕೂ ಕಪ್ಪು ಕಲ್ಲು ಕೋಣೆಯ ಗೋಡೆಯೊಳಕ್ಕೂ, ಎರಡು ಕೈಗಳ ಬೆರಳು ಹೆಣೆದ ಹಾಗೆ ಹೊಕ್ಕಿದ್ದವು. ಸುಣ್ಣದಕ್ಕ ಬರಿಗೈಯಿಂದ ಆ ಸಂದುಗಳನ್ನು ಸವರುತ್ತಾ ಸಾರವೆಯ ಮೇಲೆ ಕೂತುಬಿಟ್ಟಳು. ಹಗಲೆಲ್ಲ ಒಬ್ಬರನ್ನೊಬ್ಬರು ಬೈದುಕೊಂಡವರು ಒಬ್ಬರ ಕಲ್ಲಿಗೆ ಇನ್ನೊಬ್ಬರು ಅಳತೆ ಹಿಡಿದು ಇದನ್ನು ಕೊರೆದಿದ್ದರು. ಕಮಾನು ಹೆಣೆದುಕೊಂಡಿತ್ತು. ಮೊದಲ ಪೆಟ್ಟು ಹಾಕುವ ಕೆಲಸ ಅವಳಿಗಿರಲಿಲ್ಲ.

ಉಳಿದದ್ದು ನೆತ್ತಿ. ಬಿರುಕು ಶುರುವಾದ ಜಾಗ. ಎರಡು ಕಡೆಯಿಂದ ಏರಿ ಬಂದ ಕಲ್ಲುಗಳನ್ನು ನಡುವೆ ಬಿಗಿ ಹಿಡಿಯುವ ನೆತ್ತಿಗಲ್ಲು ಅಲ್ಲಿರಬೇಕು. ಅದು ಕಪ್ಪೋ ಕೆಂಪೋ ಎಂದು ಸೊಸೆ ಕೆಳಗಿಂದ ಕೂಗಿ ಕೇಳಿದಳು. ಅತ್ತೆ ಉಳಿ ಇಟ್ಟು ತಟ್ಟಿದರೆ ಕಲ್ಲಿನ ಟಣ್ ಬರಲಿಲ್ಲ. ಮರದ ಬಾಗಿಲು ತಟ್ಟಿದಂಥ ಸದ್ದು ಬಂತು. ಗಾರೆಯ ಕೊನೆಯ ಪದರವನ್ನು ಬೆರಳಿನಿಂದಲೇ ಉದುರಿಸಿದಳು. ಕಂದು ಬಣ್ಣ, ಉದ್ದುದ್ದ ಎಳೆಯ ಗೆರೆ.

"ಭಾವನ್ನ ಕರಿ," ಅಂದಳು. ಧ್ವನಿ ಏರಲಿಲ್ಲ. "ಈಗಲೇ."

ಭಾವ ಸಾರವೆ ಹತ್ತುವಾಗ, ಏನಮ್ಮಾ ಸುಣ್ಣದಕ್ಕ, ದೆವ್ವ ಕಂಡಿತಾ ಎಂದು ಎಂದಿನಂತೆ ಕಾಲೆಳೆಯುತ್ತಲೇ ಬಂದ. ನೆತ್ತಿಯ ಹತ್ತಿರ ದೀಪ ಹಿಡಿದು ಕತ್ತು ಚಾಚಿ ನೋಡಿದ. ಮರದ ತುಂಡು ಕಲ್ಲಿನಷ್ಟೇ ದಪ್ಪ. ಎರಡೂ ಕೆನ್ನೆಗಳನ್ನು ಅಕ್ಕಪಕ್ಕದ ಕಲ್ಲಿನ ತಿರುಚಿಗೆ ತಕ್ಕ ಹಾಗೆ ಸವರಿದ್ದರು, ಒಂದು ಕಡೆ ಕಪ್ಪು ಕಲ್ಲಿಗೆ, ಇನ್ನೊಂದು ಕಡೆ ಕೆಂಪು ಕಲ್ಲಿಗೆ. ಮರದ ಎಳೆ ಒತ್ತಡದ ಉದ್ದಕ್ಕೆ ಬರುವಂತೆ ಇಟ್ಟಿದ್ದರು. ಅಡ್ಡ ಇಟ್ಟಿದ್ದರೆ ಎಂದೋ ನಜ್ಜಾಗುತ್ತಿತ್ತು. ಯಾರ ಕಣ್ಣಿಗೂ ಬೀಳದ ಮೂಲೆಗಳನ್ನೂ ನುಣುಪು ಮಾಡಿದ್ದರು. ಭಾವ ಹೆಬ್ಬೆರಳಿನಿಂದ ಆ ಮೂಲೆಯನ್ನು ಮುಟ್ಟಿ ಮುಟ್ಟಿ ನೋಡಿದ.

"ನಮ್ಮಪ್ಪ ಹೀಗೇ ಸವರ್ತಿದ್ದ," ಅಂದ. "ಕಾಣದ ಮೂಲೆಗೆ ಯಾಕೆ ಇಷ್ಟು ಹೊತ್ತು ಅಂತ ಕೇಳಿದ್ರೆ, ನಮ್ಮ ಮನೆಯಲ್ಲಿ ಹೀಗೇ ಮಾಡೋದು ಅಂತಿದ್ದ. ಅಷ್ಟೇ." ಮತ್ತೆ ಆ ಮೂಲೆ ಸವರಿ, "ಇದು ನಮ್ಮ ಮರ," ಅಂದ.

ಸುಣ್ಣದಕ್ಕನಿಗೂ ಅದೇ ಹೊತ್ತಿಗೆ ಹೊಳೆದಿತ್ತು. ನೆತ್ತಿಗಲ್ಲು ಯಾರದಾಗಬೇಕು ಎಂದು ಜಗಳವಾಗಿರಬೇಕು. ಅದು ಕಪ್ಪಾದರೆ ಕೆಳಗಿನವರು ಸೋತಂತೆ, ಕೆಂಪಾದರೆ ಮೇಲಿನವರು. ಕಲ್ಲುಗಳು ಮರದ ಅಚ್ಚಿನ ಮೇಲೆ ಕೂತಿವೆ, ಮಳೆ ಬರುತ್ತಿದೆ, ಅಚ್ಚು ಕಟ್ಟಿದ ಬಡಗಿಗೆ ಅದನ್ನು ಬಿಚ್ಚಿಕೊಂಡು ಹೋಗಬೇಕಾಗಿದೆ. ಅವನು ಯಾರನ್ನೂ ಕೇಳದೆ ತನ್ನದೊಂದು ತುಂಡನ್ನು ಕೊರೆದು ಕೂರಿಸಿದ. ನಿಮ್ಮ ಕಲ್ಲು ಬರುವ ತನಕ ಇರಲಿ, ಬಂದಾಗ ನನ್ನ ಮರ ಕೊಡಿ ಎಂದ. ಅದರ ಮೇಲೆ ಗಾರೆ ಬಳಿದರು. ಕಲ್ಲು ಬರಲೇ ಇಲ್ಲ. ಅಷ್ಟು ತಲೆಮಾರುಗಳ ಮದುವೆ, ಮಣ್ಣು, ಮಕ್ಕಳ ಅಳು, ಎಲ್ಲವೂ ಒಂದು ಕೈಗಡದ ಕೆಳಗೆ ನಡೆದುಕೊಂಡು ಬಂದಿತ್ತು.

ಸುದ್ದಿ ಕೇಳಿ ಗುರುಗಳು ನಿಲುವಂಗಿ ಎತ್ತಿ ಹಿಡಿದು ಸಾರವೆ ಹತ್ತಿ ಬಂದರು. ಭಾವ ಅವರ ಮುಖ ನೋಡಿದ. ರೂಢಿಯ ಬಲ ಎಂಥದು ನೋಡಿ, ಕೇಳದೆ ಇರಲು ಅವನಿಗೆ ಆಗಲಿಲ್ಲ. "ಫಾದರ್, ನಮ್ಮ ಮರ ಯಾವಾಗ ವಾಪಸ್ ಕೊಡ್ತೀರಿ?" ಗುರುಗಳ ತುಟಿ ಎಂದಿನ ಉತ್ತರಕ್ಕೆ ಹೊರಳಿತು, ಅರ್ಧಕ್ಕೆ ನಿಂತಿತು. ದೀಪದ ಬೆಳಕಿನಲ್ಲಿ ಅವರು ಆ ಮರದ ಮೇಲೆ ಅಂಗೈ ಇಟ್ಟು, ಬಹಳ ಹೊತ್ತು ತೆಗೆಯಲಿಲ್ಲ.

ಮರದ ಒಂದು ಕೆನ್ನೆ ತೇವಕ್ಕೆ ಕೊಳೆತು ಸೊರಗಿತ್ತು, ಕಮಾನು ಅಷ್ಟರ ಮಟ್ಟಿಗೆ ಕುಸಿದು ಬಿರುಕು ಬಂದಿತ್ತು. ಮತ್ತೆ ಬಂದ ಇಂಜಿನಿಯರ್ ಸಂದುಗಳನ್ನೆಲ್ಲ ನೋಡಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಇದನ್ನು ಇಳಿಸುವ ಮಾತೇ ಇಲ್ಲ ಎಂದರು. ನೆತ್ತಿಗೆ ಹೊಸತು ಹಾಕಬೇಕು. ಕಲ್ಲಾದರೂ ಸರಿ, ಒಣಗಿದ ಗಟ್ಟಿ ಮರವಾದರೂ ಸರಿ, ನೀರು ತಾಗದಂತೆ ನೋಡಿಕೊಂಡರೆ ಸಾಕು. ಆ ಸಂಜೆಗೇ ಮೇಲಿನ ಬೀದಿಯವರು ಗಾಡಿಯಲ್ಲಿ ಒಂದು ಕಪ್ಪು ಕಲ್ಲು ತಂದು ಬಾಗಿಲ ಬಲಕ್ಕೆ ಇಳಿಸಿದರು. ಬೆಳಗಾಗುವಷ್ಟರಲ್ಲಿ ಎಡಕ್ಕೆ ಒಂದು ಕೆಂಪು ಕಲ್ಲು ಕೂತಿತ್ತು. ಸೂರ್ಯನ ಹಗ್ಗದ ಕತೆ ಕೇಳಿ ಎರಡೂ ಕಡೆಯವರು ತಲೆದೂಗಿದ್ದರು, ನಮ್ಮವರದು ತಪ್ಪಿಲ್ಲ ಎಂದು ಗೊತ್ತೇ ಇತ್ತು ಎಂದಿದ್ದರು. ಆದರೆ ನೆತ್ತಿ ನೆತ್ತಿಯೇ. ಅಂಗಳದಲ್ಲಿ ಧ್ವನಿಗಳು ಏರಿದವು. ಕೊನೆಗೆ ಯಾರೋ, ಸುಣ್ಣದಕ್ಕನೇ ಹೇಳಲಿ, ಅವಳಿಗೆ ಎರಡು ಬೀದಿಯ ಅನ್ನವೂ ಗೊತ್ತು ಎಂದರು.

ಅವಳು ಕೈಗಂಟಿದ ಸುಣ್ಣ ತೊಳೆಯುತ್ತಿದ್ದಳು. ತೊಳೆದು ಮುಗಿಸಿ ಸೆರಗಿಗೆ ಒರೆಸಿಕೊಂಡಳು.

"ನನ್ನ ಯಾಕೆ ಕೇಳ್ತೀರಿ? ಜಾಗ ನಿಮ್ಮದು ಅಲ್ಲ, ನಂದೂ ಅಲ್ಲ. ಭಾವನದು. ಅವರ ಮರ ವಾಪಸ್ ಕೊಟ್ಟ ಮೇಲೆ ತಾನೇ ಇನ್ನೊಬ್ಬರು ಅಲ್ಲಿ ಕೂರೋದು. ಅವರನ್ನ ಕೇಳಿ."

ಭಾವ ಎರಡು ಕಲ್ಲನ್ನೂ ಸುತ್ತಿ ಬಂದ, ಎರಡನ್ನೂ ತಟ್ಟಿ ನೋಡಿದ, ಎರಡೂ ಒಳ್ಳೆ ಕಲ್ಲು ಎಂದ. ನಂತರ ಮನೆಗೆ ಹೋದ. ಅಟ್ಟದ ಮೇಲೆ ಅವನಪ್ಪ ಯಾವುದಕ್ಕೋ ಎಂದು ಒಣಗಲಿಟ್ಟು ಹೋಗಿದ್ದ ಒಂದು ದಿಮ್ಮಿ ಇತ್ತು. ನಿನ್ನ ಹೆಣದ ಪೆಟ್ಟಿಗೆಗಾದೀತು ಎಂದು ಅಕ್ಕ ಹಂಗಿಸುತ್ತಿದ್ದ ದಿಮ್ಮಿ. ಅದನ್ನು ಇಳಿಸಿ ನೆತ್ತಿಯ ಅಳತೆಗೆ ಕೊಯ್ದ.

ಹಳೆಯದನ್ನು ತೆಗೆದ ದಿನ ಹಜಾರ ತುಂಬ ಜನ, ಎರಡು ಬೀದಿಯವರೂ. ಭಾವ ಬೆಣೆಗಳನ್ನು ಒಂದೊಂದು ಪೆಟ್ಟು ಬಿಗಿ ಮಾಡುತ್ತಾ ಬಂದ. ಕಮಾನು ಉಸಿರು ಮೇಲೆ ತೆಗೆದುಕೊಂಡ ಹಾಗೆ ಎದ್ದಿತು, ಬಿರುಕು ಕಿರಿದಾಯಿತು, ಹಳೆಯ ತುಂಡು ಕೈಗೆ ಸಡಿಲವಾಗಿ ಬಂತು. ಅದನ್ನು ಸುಣ್ಣದಕ್ಕ ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡಳು. ಹೊಸ ತುಂಡು ಮರದ ಕೊಡತಿಯ ಪೆಟ್ಟಿಗೆ ಒಂದೊಂದೇ ಕೂದಲೆಳೆ ಒಳಗೆ ಹೋಯಿತು. ಸಂದಿಗೆ ಅವಳು ಬೆಣ್ಣೆಯಂಥ ಸುಣ್ಣವನ್ನು ಬೆರಳಿನಿಂದ ತುಂಬಿದಳು. ಸಂದು ಗಟ್ಟಿಯಾಗಲು ಬಿಟ್ಟು, ಎಷ್ಟೋ ದಿನಗಳ ಮೇಲೆ ಜನ ಮತ್ತೆ ಸೇರಿದಾಗ ಭಾವ ಬೆಣೆ ಸಡಿಲಿಸಿದ. ಹಲಗೆಗೂ ಕಲ್ಲಿಗೂ ನಡುವೆ ಬೆಳಕಿನ ಗೆರೆ ಮೂಡಿತು. ಮೇಲೆಲ್ಲೋ ಒಂದು ಸಣ್ಣ ಸದ್ದಾಯಿತು, ದಣಿದವರು ಕುರ್ಚಿಯಲ್ಲಿ ಸರಿಯಾಗಿ ಕೂತಾಗ ಆಗುವಂಥದ್ದು. ನಂತರ ಏನೂ ಇಲ್ಲ. ಕಮಾನು ನಿಂತಿತ್ತು, ಯಾರ ಹಂಗೂ ಇಲ್ಲದೆ. ಒಬ್ಬ ಮುದುಕಿ ಮೊಣಕಾಲೂರಿದಳು. ಅವಳ ಹಿಂದೆ ಹಜಾರವಿಡೀ ಊರಿತು, ಬೀದಿ ಯಾವುದೆಂದು ನೋಡದೆ.

ಕಮಾನಿಗೆಲ್ಲ ಹೊಸ ಗಾರೆ ಬಳಿದ ಸುಣ್ಣದಕ್ಕ ನೆತ್ತಿಯಲ್ಲಿ ಅಂಗೈ ಅಗಲ ಬಿಟ್ಟಳು, ಮರ ಕಾಣುವ ಹಾಗೆ. ಪೀಠದ ಹಿಂದಿನ ಹಲಗೆಯನ್ನು ಕಿಟಕಿ ಮುಚ್ಚದಂತೆ ಕೆಳಗಿಳಿಸಿ ಕೂರಿಸಿದರು. ಕಪ್ಪು ಕಲ್ಲು, ಕೆಂಪು ಕಲ್ಲು ಬಾಗಿಲ ಎರಡು ಕಡೆ ಬಿದ್ದಿದ್ದವು. ಆಗಲೇ ಮುದುಕರು ಅವುಗಳ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಾ ಕೂರತೊಡಗಿದ್ದರು, ಮೇಲಿನವರು ಎಡಕ್ಕೆ ಕೆಂಪಿನ ಮೇಲೆ, ಕೆಳಗಿನವರು ಬಲಕ್ಕೆ ಕಪ್ಪಿನ ಮೇಲೆ, ಎಲ್ಲಿ ಬಿಸಿಲಿದೆಯೋ ಅಲ್ಲಿ.

ಭಾವ ಉಳಿ ಕೊಡತಿಗಳನ್ನು ಗೋಣಿಗೆ ತುಂಬಿ ಹೊರಟಾಗ ಗುರುಗಳು ಹಳೆಯ ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅವನ ಕೈಗಿಟ್ಟರು. ಅವನು ಎರಡೂ ಕೈಯಿಂದ ಇಸಿದುಕೊಂಡ, ಭಾರ ತೂಗಿ ನೋಡಿದ, ಕಣ್ಣು ಒದ್ದೆಯಾಯಿತು. ಇನ್ನೇನು ಅಕ್ಕ ದಾನದ ವಿಷಯ ಎತ್ತುತ್ತಾಳೆ ಎಂದು ಸುಣ್ಣದಕ್ಕ ನಗು ಅದುಮಿಕೊಂಡಳು. ಹೊಸ್ತಿಲು ದಾಟಿದ ಭಾವ ತಿರುಗಿ ನಿಂತು, ಕತ್ತೆತ್ತಿ ಕಮಾನಿನ ನೆತ್ತಿ ನೋಡಿದ.

"ಫಾದರ್, ನಮ್ಮ ಮರ ಯಾವಾಗ ವಾಪಸ್ ಕೊಡ್ತೀರಿ?"

ಗುರುಗಳು ಬಾಗಿಲ ಎರಡೂ ಕಡೆ ಕೂತ ಮುದುಕರನ್ನು ನೋಡಿದರು, ಅವರ ಕೆಳಗಿನ ಕಲ್ಲುಗಳನ್ನು ನೋಡಿದರು.

"ಕಲ್ಲು ಬಂದಾಗ," ಅಂದರು.